ನೂರು ಪದಗಳಲ್ಲಿ ಕಥೆ ಬರೆಯುವುದು ಹೇಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಕಬ್ಬನ್ ಪಾರ್ಕಿನ ಬಿದಿರುಮೆಳೆಯ ಹತ್ತಿರ ತಿಂಗಳಿಗೊಂದು ಭಾನುವಾರ ನಾವು ಕೆಲವರು ಸೇರಿ ಕಿರುಗತೆಗಳನ್ನು ಓದುತ್ತೇವೆ. ನಿಯಮ ಒಂದೇ: 100 ಪದ ಮೀರುವಂತಿಲ್ಲ. ಬರುವವರೆಲ್ಲ ಚೆನ್ನಾಗಿ ಓದಿಕೊಂಡವರು, ಭಾಷೆ ಬಲ್ಲವರು. ಆದರೂ ತಿಂಗಳು ತಿಂಗಳೂ ಅದೇ ಜಾಗದಲ್ಲಿ ಎಡವುತ್ತಾರೆ. 300 ಪದಗಳ ಕಥೆ ಬರೆಯುತ್ತಾರೆ, ಅಲ್ಲೊಂದು ಇಲ್ಲೊಂದು ಪದ ಕಿತ್ತು ಹೇಗೋ 100ಕ್ಕೆ ತರುತ್ತಾರೆ. ಓದಿದಾಗ ಕಥೆಯ ಸಾರಾಂಶ ಕೇಳಿದ ಹಾಗಾಗುತ್ತದೆ, ಕಥೆ ಮಾತ್ರ ಮನೆಯಲ್ಲೇ ಉಳಿದಿರುತ್ತದೆ.

ಈ ಸೋಲು ಶುರುವಾಗುವುದು ಕತ್ತರಿ ಹಿಡಿಯುವ ಹೊತ್ತಿಗಲ್ಲ, ಅದಕ್ಕೂ ಬಹಳ ಮೊದಲು, ಯಾವುದನ್ನು ಬರೆಯಬೇಕು ಎಂದು ಆರಿಸಿಕೊಳ್ಳುವಾಗ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಅನುಕ್ರಮದಲ್ಲಿ ಮಾಡಿ. ಎರಡನೇ ಹಂತವನ್ನು ಹಾರಿಸಿ ಐದನೆಯದಕ್ಕೆ ಹೋದರೆ ಎಷ್ಟು ದಿನ ತಿದ್ದಿದರೂ ಕಥೆ ದಡ ಸೇರುವುದಿಲ್ಲ.

## ಕೈಯಲ್ಲಿ ಇರಬೇಕಾದ ಸಾಮಾನು

ಒಂದು ಟಿಪ್ಪಣಿ ಪುಸ್ತಕ, ಪೆನ್ನು, ಗಡಿಯಾರ. ಪದ ಎಣಿಸಲು ಮೊಬೈಲ್ ಅಥವಾ ಕಂಪ್ಯೂಟರ್. ಕಥೆ ಕೇಳಿ ಮುಲಾಜಿಲ್ಲದೆ ಮಾತನಾಡುವ ಒಬ್ಬ ವ್ಯಕ್ತಿ. ಇಷ್ಟು ಸಾಕು.

ಎಣಿಕೆಯ ವಿಷಯದಲ್ಲಿ ಮಾತ್ರ ಸ್ವಲ್ಪ ಜಾಗ್ರತೆ ಬೇಕು. ಗೂಗಲ್ ಡಾಕ್ಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಸಿ ಮೂರನ್ನೂ ಒಟ್ಟಿಗೆ ಒತ್ತಿದರೆ ಪದಗಳ ಲೆಕ್ಕ ಸಿಗುತ್ತದೆ. ಮೈಕ್ರೋಸಾಫ್ಟ್ ವರ್ಡ್ ಮತ್ತು ಲಿಬ್ರೆ ಆಫೀಸ್‌ನಲ್ಲಿ ಅದು ಪರದೆಯ ಕೆಳಗಿನ ಪಟ್ಟಿಯಲ್ಲೇ ಕಾಣುತ್ತದೆ. ಇವು ಅರ್ಥ ನೋಡಿ ಎಣಿಸುವುದಿಲ್ಲ, ಮುಖ್ಯವಾಗಿ ನಡುವಿನ ಖಾಲಿ ಜಾಗ ನೋಡಿ ಎಣಿಸುತ್ತವೆ. ‘ಅಕ್ಕ-ತಂಗಿ’ ಎಂದು ಕೂಡಿಸಿ ಬರೆದರೆ ವರ್ಡ್‌ನಲ್ಲಿ ಒಂದು ಪದ. ಅಡ್ಡಗೆರೆಯ ಎರಡೂ ಬದಿ ಜಾಗ ಬಿಟ್ಟರೆ ಅಡ್ಡಗೆರೆಯೂ ಸೇರಿ ಮೂರು. ಸಂಭಾಷಣೆಗೆ ಅಡ್ಡಗೆರೆ ಬಳಸುವ ಅಭ್ಯಾಸವಿದ್ದವರು ಈ ಒಂದು ಕಾರಣಕ್ಕೇ ಐದಾರು ಪದ ಕಳೆದುಕೊಳ್ಳುತ್ತಾರೆ. ಉದ್ಧರಣ ಚಿಹ್ನೆ ಬಳಸಿ.

ಮಿತಿ ಪದಗಳಲ್ಲಿದೆಯೋ ಅಕ್ಷರಗಳಲ್ಲಿದೆಯೋ ಎಂಬುದನ್ನೂ ನೋಡಿಕೊಳ್ಳಿ. ಅಕ್ಷರಗಳಲ್ಲಿದ್ದರೆ ಲೆಕ್ಕವೇ ಬೇರೆ. ‘ಸ್ತ್ರೀ’ ನಮ್ಮ ಕಣ್ಣಿಗೆ ಒಂದೇ ಅಕ್ಷರ. ಕಂಪ್ಯೂಟರುಗಳು ಅಕ್ಷರಗಳನ್ನು ಗುರುತಿಸುವ ಸಾಮಾನ್ಯ ಸಂಕೇತಪದ್ಧತಿಯಾದ ಯೂನಿಕೋಡ್‌ನಲ್ಲಿ ಸ, ತ, ರ ಎಂಬ ಮೂರು ವ್ಯಂಜನ, ಅವನ್ನು ಒತ್ತಕ್ಷರವಾಗಿಸುವ ಎರಡು ಹಲಂತ ಚಿಹ್ನೆ, ಒಂದು ದೀರ್ಘ ಸ್ವರಚಿಹ್ನೆ ಸೇರಿ ಆರು ಸಂಕೇತ. ಒತ್ತಕ್ಷರ ತುಂಬಿದ ಕಥೆ ನೋಡಲು ಚಿಕ್ಕದಾಗಿದ್ದರೂ ಮಿತಿ ದಾಟಿರುತ್ತದೆ.

## ಹಂತ 1: ಮಿತಿ ನಿಜವಾಗಿ ಏನು ಕೇಳುತ್ತಿದೆ ಎಂದು ತಿಳಿಯಿರಿ

‘100 ಪದಗಳ ಒಳಗೆ’ ಎನ್ನುವುದಕ್ಕೂ ‘ಸರಿಯಾಗಿ 100 ಪದ’ ಎನ್ನುವುದಕ್ಕೂ ವ್ಯತ್ಯಾಸವಿದೆ. ಇಂಗ್ಲಿಷಿನಲ್ಲಿ ಡ್ರ್ಯಾಬಲ್ ಎಂದು ಕರೆಯುವ ಪ್ರಕಾರಕ್ಕೆ ಒಂದು ಪದ ಹೆಚ್ಚೂ ಆಗುವಂತಿಲ್ಲ, ಕಡಿಮೆಯೂ ಆಗುವಂತಿಲ್ಲ. ಸ್ಪರ್ಧೆಗೆ ಬರೆಯುವುದಾದರೆ ಶೀರ್ಷಿಕೆ ಲೆಕ್ಕಕ್ಕೆ ಸೇರುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ನಂತರ, ಆ ಮಿತಿಯೊಳಗೆ ಏನು ಹಿಡಿಯುತ್ತದೆ ಎಂದು ಯೋಚಿಸಿ. ನನ್ನ ಅನುಭವದಲ್ಲಿ 50 ಪದಗಳಲ್ಲಿ ಒಂದು ಕ್ರಿಯೆ, ಅದಕ್ಕೊಂದು ಪ್ರತಿಕ್ರಿಯೆ ಹಿಡಿಯುತ್ತದೆ. 100 ಪದಗಳಲ್ಲಿ ಒಂದು ದೃಶ್ಯ, ಇಬ್ಬರು ಮನುಷ್ಯರು. ಮೂರನೆಯವರು ಬಂದರೂ ಅವರು ಮಾತನಾಡಬಾರದು. 300ಕ್ಕೆ ಹೋದರೆ ಎರಡು ದೃಶ್ಯ ಇರಬಹುದು, ನಡುವೆ ಕಾಲ ಸರಿಯಬಹುದು. 500ರಲ್ಲಿ ಮನುಷ್ಯ ಸ್ವಲ್ಪ ಬದಲಾಗುವುದಕ್ಕೂ ಜಾಗವಿದೆ. ತೀರಾ ಕರಾರುವಾಕ್ಕಾದ ಅಳತೆಯಲ್ಲ ಇದು. ಆದರೆ 50 ಪದಗಳಲ್ಲಿ ಮೂರು ತಲೆಮಾರಿನ ಜಗಳ ಹೇಳಲು ಹೊರಟವರನ್ನು ಇದು ತಡೆಯುತ್ತದೆ.

## ಹಂತ 2: ಕಥೆಯಿಂದ ಒಂದು ಕ್ಷಣವನ್ನು ಆರಿಸಿ

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ನಾನು 100 ಪದಗಳ ಕಥೆಗೆ ಮೂರು ಗಂಟೆ ಕೂತರೆ, ಅದರಲ್ಲಿ ಎರಡು ಗಂಟೆ ಇಲ್ಲೇ ಕಳೆಯುತ್ತದೆ.

ಮೊದಲು ನಿಮ್ಮ ತಲೆಯಲ್ಲಿರುವ ಕಥೆಯನ್ನು ಮನಸ್ಸು ಬಂದಷ್ಟು ಉದ್ದಕ್ಕೆ ಪುಸ್ತಕದಲ್ಲಿ ಬರೆದುಕೊಳ್ಳಿ. ಇದು ಕರಡಲ್ಲ. ಯಾರು, ಎಲ್ಲಿಯವರು, ಏನಾಯಿತು, ಯಾಕಾಯಿತು ಎಲ್ಲವೂ ಬರಲಿ. ಬರೆದ ಮೇಲೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಇಡೀ ಕಥೆಯಲ್ಲಿ ಒಬ್ಬ ವ್ಯಕ್ತಿಗೆ ಬೇರೆ ರೀತಿ ನಡೆದುಕೊಳ್ಳುವ ಅವಕಾಶ ಇದ್ದ ಗಳಿಗೆ ಯಾವುದು? ಹೌದು ಎನ್ನಬಹುದಿತ್ತು, ಇಲ್ಲ ಎಂದ. ಹೇಳಬಹುದಿತ್ತು, ಸುಮ್ಮನಾದಳು. ಆ ಗಳಿಗೆಗೆ ಗುರುತು ಹಾಕಿ. ಉಳಿದದ್ದೆಲ್ಲ ನಿಮಗೆ ಗೊತ್ತಿರಬೇಕಾದ ಹಿನ್ನೆಲೆ, ಓದುಗರಿಗೆ ಹೇಳಬೇಕಾದ್ದಲ್ಲ.

ಬೆಂಗಳೂರಿನಲ್ಲಿ ಇರುವವರಿಗೆ ಇಂಥ ಗಳಿಗೆಗಳು ದಿನವೂ ಸಿಗುತ್ತವೆ. ಬಾಡಿಗೆ ಮನೆ ನೋಡಲು ಹೋದವನನ್ನು ಮಾಲೀಕರು ಹೆಸರು ಕೇಳುತ್ತಾರೆ, ಅವನು ಹೇಳುತ್ತಾನೆ, ಅವರು “ಪೂರ್ತಿ ಹೆಸರು?” ಎಂದು ಮತ್ತೊಮ್ಮೆ ಕೇಳುತ್ತಾರೆ. ಆ ಎರಡು ಪ್ರಶ್ನೆಗಳ ನಡುವಿನ ಅರೆಗಳಿಗೆ ಒಂದು ಪೂರ್ಣ ಕಥೆ. ಬಿಎಂಟಿಸಿ ಬಸ್ಸಿನಲ್ಲಿ ನಿರ್ವಾಹಕ ಚಿಲ್ಲರೆ ಇಲ್ಲವೆಂದು ಬಾಕಿ ಹಣವನ್ನು ಟಿಕೆಟ್ಟಿನ ಹಿಂದೆ ಬರೆದು ಕೊಡುತ್ತಾನೆ. ನಿಲ್ದಾಣ ಬಂತು, ಬಾಗಿಲಲ್ಲಿ ಜನ ತುಂಬಿದ್ದಾರೆ. ಕೇಳುವುದೋ, ಇಳಿಯುವುದೋ? ಇಳಿಯಬೇಕಾದವನ ಕೈಯಲ್ಲಿ ಎಷ್ಟು ದುಡ್ಡಿದೆ ಎಂಬುದರ ಮೇಲೆ ಅದು ಕಥೆಯಾಗಬಹುದು, ಆಗದೆಯೂ ಇರಬಹುದು.

ಆರಿಸಿದ ಗಳಿಗೆ ಸರಿಯಾಗಿದೆಯೇ ಎಂದು ತಿಳಿಯಲು ಕಥೆಯ ಒಳಗಿನ ಗಡಿಯಾರ ನೋಡಿ. ನಿಮ್ಮ ಘಟನೆ ನಡೆಯಲು ನಿಜಜೀವನದಲ್ಲಿ ಎಷ್ಟು ಹೊತ್ತು ಬೇಕು? 100 ಪದಗಳ ಕಥೆಯಾದರೆ ಅದು ಒಂದು ದೊಡ್ಡ ಸಿಗ್ನಲ್ಲಿನಲ್ಲಿ ಕೆಂಪು ದೀಪ ಹಸಿರಾಗುವಷ್ಟರಲ್ಲಿ ಮುಗಿಯುವಂತಿರಬೇಕು.

ಎಚ್ಚರಿಕೆ: ಬರೆಯುತ್ತಿರುವಾಗ ‘ಮರುದಿನ’, ‘ಕೆಲವು ವರ್ಷಗಳ ನಂತರ’, ‘ಕಾಲಚಕ್ರ ಉರುಳಿತು’ ಎಂಬ ಮಾತು ಬಂದರೆ ಪೆನ್ನು ಕೆಳಗಿಡಿ. ನೀವು ಇನ್ನೂ ಕ್ಷಣವನ್ನು ಆರಿಸಿಲ್ಲ.

## ಹಂತ 3: ಎಲ್ಲಿ ಬಾಗಿಲು ತೆರೆಯಬೇಕು ಎಂದು ನಿರ್ಧರಿಸಿ

ಗಳಿಗೆ ಸಿಕ್ಕಿತು. ಈಗ ಅದಕ್ಕೆ ಎಷ್ಟು ಹತ್ತಿರದಲ್ಲಿ ಆರಂಭಿಸುವುದು ಎಂಬ ಪ್ರಶ್ನೆ. ನಾವು ಬಾಲ್ಯದಿಂದ ‘ಒಂದಾನೊಂದು ಊರಿನಲ್ಲಿ’ ಎಂದು ಕೇಳಿ ಬೆಳೆದವರು. ಊರು, ಮನೆ, ಮನೆಯವರು, ಆಮೇಲೆ ಘಟನೆ ಎಂಬ ಕ್ರಮ ರಕ್ತದಲ್ಲೇ ಇದೆ. ಕಿರುಗತೆಯಲ್ಲಿ ಆ ಪರಿಚಯಕ್ಕೇ 40 ಪದ ಹೋಗುತ್ತದೆ. ಕರಡಿನ ಮೊದಲ ಎರಡು ವಾಕ್ಯಗಳನ್ನು ಕೈಯಿಂದ ಮುಚ್ಚಿ ಮೂರನೆಯದರಿಂದ ಓದಿ ನೋಡಿ. ಬಹಳ ಸಲ ಕಥೆ ಅಲ್ಲಿಂದಲೇ ಶುರುವಾಗಿರುತ್ತದೆ.

ಸ್ಥಳಕ್ಕೆ ವರ್ಣನೆ ಬೇಡ, ಹೆಸರು ಸಾಕು. ‘ಮೆಜೆಸ್ಟಿಕ್, ಬೆಳಗಿನ ಐದು ಗಂಟೆ’ ಎಂದು ನಾಲ್ಕು ಪದ ಬರೆದರೆ ರಾತ್ರಿ ಬಸ್ಸು, ಊರಿನಿಂದ ತಂದ ಚೀಲ, ನಿದ್ದೆಗೆಟ್ಟ ಕಣ್ಣು, ಆಟೋದವರ ಕೂಗು ಎಲ್ಲವೂ ತಾವಾಗಿ ಬರುತ್ತವೆ. ಮೆಜೆಸ್ಟಿಕ್ ಬೀದರಿನವರಿಗೂ ಗೊತ್ತು, ಮಡಿಕೇರಿಯವರಿಗೂ ಗೊತ್ತು. ಆದರೆ ‘ಎಂಟನೇ ಅಡ್ಡರಸ್ತೆ’ ಎಂದರೆ ಮಲ್ಲೇಶ್ವರದವರಿಗೆ ಸಂಕ್ರಾಂತಿಯ ವ್ಯಾಪಾರವೇ ಕಣ್ಣಿಗೆ ಬರುತ್ತದೆ, ಹೊರಗಿನವರಿಗೆ ಅದು ಬರೀ ಒಂದು ಸಂಖ್ಯೆ. ಯಾರಿಗೆ ಬರೆಯುತ್ತಿದ್ದೀರಿ ಎಂದು ನೋಡಿ ಹೆಸರು ಆರಿಸಿ.

## ಹಂತ 4: ಎಣಿಸದೆ ಮೊದಲ ಕರಡು ಬರೆಯಿರಿ

20 ನಿಮಿಷಕ್ಕೆ ಗಡಿಯಾರ ಇಡಿ. ಕೈಬರಹವೇ ಒಳ್ಳೆಯದು. ಕಂಪ್ಯೂಟರಿನಲ್ಲಿ ಬರೆಯುವವರು ಪದಗಳ ಲೆಕ್ಕ ಪರದೆಯ ಮೇಲೆ ಕಾಣದಂತೆ ಮಾಡಿಕೊಳ್ಳಿ. ಅಂಕಿ ಏರುವುದು ಕಂಡರೆ ಮನಸ್ಸು ಕಥೆ ಬಿಟ್ಟು ಅಂಕಿಯ ಹಿಂದೆ ಹೋಗುತ್ತದೆ, 60ನೇ ಪದಕ್ಕೇ ಅವಸರದ ಮುಕ್ತಾಯ ಹುಡುಕುತ್ತದೆ.

ಮುಗಿದ ಮೇಲೆ ಎಣಿಸಿ. ಮಿತಿಯ ಒಂದೂವರೆ ಪಟ್ಟು ಅಥವಾ ಹೆಚ್ಚೆಂದರೆ ಎರಡು ಪಟ್ಟು ಇದ್ದರೆ ಮುಂದಕ್ಕೆ ಹೋಗಿ. ಮೂರು ಪಟ್ಟು ಆಗಿದ್ದರೆ ಕತ್ತರಿಸಲು ಕೂರಬೇಡಿ, ಎರಡನೇ ಹಂತಕ್ಕೆ ವಾಪಸು ಹೋಗಿ. ಈ ಮಾತನ್ನು ನಮ್ಮ ಗುಂಪಿನಲ್ಲಿ ಎಷ್ಟು ಸಲ ಹೇಳಿದರೂ ಜನ ಒಪ್ಪುವುದಿಲ್ಲ. ಬರೆದದ್ದರ ಮೇಲೆ ಮಮತೆ ಹುಟ್ಟಿಬಿಟ್ಟಿರುತ್ತದೆ. ಆದರೆ ಮೂರು ಪಟ್ಟು ಎಂದರೆ ಎರಡು ಕ್ಷಣಗಳು ಒಂದೇ ಕಥೆಯೊಳಗೆ ಜಗಳವಾಡುತ್ತಿವೆ ಎಂದೇ ಅರ್ಥ. ಒಂದನ್ನು ಹೊರಗೆ ಕಳುಹಿಸಬೇಕು.

## ಹಂತ 5: ಕನ್ನಡವೇ ಕೊಡುವ ಉಳಿತಾಯವನ್ನು ಬಳಸಿ

ಕಿರುಗತೆಯ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಇಂಗ್ಲಿಷಿಗಾಗಿ ಬರೆದವು. ನಮ್ಮ ಭಾಷೆ ಪದ ಉಳಿಸುವ ರೀತಿಯೇ ಬೇರೆ. ಅದನ್ನು ತಿಳಿಯದೆ ಬರೆದರೆ ಕೈಯಲ್ಲಿರುವ ಗಂಟು ಬಿಟ್ಟು ಸಾಲ ಮಾಡಿದಂತೆ.

ಕ್ರಿಯಾಪದದ ಬಾಲ. ‘ಬಂದಳು’ ಎಂಬ ಒಂದೇ ಪದದಲ್ಲಿ ಕಾಲ, ಲಿಂಗ, ವಚನ, ಪುರುಷ ನಾಲ್ಕೂ ಇವೆ. ಅದರ ಹಿಂದೆ ಪ್ರತಿ ಸಲವೂ ‘ಅವಳು’ ಬೇಕಿಲ್ಲ. ಕರಡಿನಲ್ಲಿರುವ ಅವನು, ಅವಳು, ತನ್ನ, ತಾನು ಎಲ್ಲಕ್ಕೂ ಅಡಿಗೆರೆ ಹಾಕಿ. ತೆಗೆದರೂ ಗೊಂದಲವಾಗದಿದ್ದರೆ ತೆಗೆಯಿರಿ.

‘ಒಂದು’, ‘ಒಬ್ಬ’. ಇಂಗ್ಲಿಷ್ ಓದಿನಿಂದ ಬಂದ ಚಟ ಇದು. ‘ಒಂದು ಹಳೆಯ ಕೊಡೆ’ ಎನ್ನಬೇಕಿಲ್ಲ, ‘ಹಳೆಯ ಕೊಡೆ’ ಎಂದರೂ ಅದು ಒಂದೇ. ಈ ವಾಕ್ಯ ನೋಡಿ:

ಅವನು ಒಂದು ಹಳೆಯ ಕೊಡೆಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡು ನಿಧಾನವಾಗಿ ಬಸ್ಸಿನಿಂದ ಕೆಳಗೆ ಇಳಿದನು.

ಹನ್ನೊಂದು ಪದ. ಇದನ್ನು ‘ಕೊಡೆ ಊರಿಕೊಂಡು ಬಸ್ಸಿಳಿದ’ ಎಂದು ಮಾಡಿ. ಮೂರು ಪದ. ‘ಊರಿಕೊಂಡು’ ಎನ್ನುವುದರಲ್ಲೇ ನಿಧಾನವೂ ಬಂತು, ವಯಸ್ಸೂ ಬಂತು. ಕೊಡೆ ಹಳೆಯದೆಂದು ಹೇಳುವ ಅಗತ್ಯವೇ ಉಳಿಯಲಿಲ್ಲ. ಒಳ್ಳೆಯ ಕಡಿತ ಎಂದರೆ ಇಂಥದ್ದು. ಹತ್ತು ಪದ ತೆಗೆದು ಸುಮ್ಮನಾಗುವುದಲ್ಲ, ಆ ಹತ್ತರ ಕೆಲಸ ಮಾಡುವ ಒಂದು ಕ್ರಿಯಾಪದ ಹುಡುಕುವುದು.

ಕೃದಂತ, ಅಂದರೆ ‘ತಂದಿದ್ದ ಹುಡುಗ’ ಎಂಬಲ್ಲಿ ‘ತಂದಿದ್ದ’ ಇದ್ದ ಹಾಗೆ ಕ್ರಿಯೆಯಿಂದ ಹುಟ್ಟಿದ ಪದ. ‘ಒಬ್ಬ ಹುಡುಗ ಇದ್ದ. ಅವನು ನಿನ್ನೆ ಹಾಲು ತಂದುಕೊಟ್ಟಿದ್ದ. ಅವನೇ ಇವತ್ತು ಬಾಗಿಲು ಬಡಿದ.’ ಹನ್ನೊಂದು ಪದ. ‘ನಿನ್ನೆ ಹಾಲು ತಂದಿದ್ದ ಹುಡುಗನೇ ಬಾಗಿಲು ಬಡಿದ.’ ಆರು. ಆದರೆ ಇದನ್ನು ಅತಿಯಾಗಿ ಮಾಡಬೇಡಿ. ಮೂರು ಕೃದಂತಗಳನ್ನು ಸಾಲಾಗಿ ಪೋಣಿಸಿದರೆ ವಾಕ್ಯ ಸರ್ಕಾರಿ ಸುತ್ತೋಲೆಯ ಹಾಗೆ ಏದುಸಿರು ಬಿಡುತ್ತದೆ.

ಅನುಕರಣ ಪದಗಳು. ‘ಜೋರಾಗಿ ಸದ್ದು ಮಾಡುತ್ತಾ ಬಾಗಿಲು ಮುಚ್ಚಿದಳು’ ಎಂಬುದರ ಬದಲು ‘ದಢಾರನೆ ಬಾಗಿಲು ಹಾಕಿದಳು’. ಸರಕ್ಕನೆ, ಪುಸಕ್ಕನೆ, ಗಕ್ಕನೆ ಎಂಬ ಪದಗಳು ಒಂದೊಂದೂ ಒಂದು ವಾಕ್ಯದ ಕೆಲಸ ಮಾಡುತ್ತವೆ. ಅವನ್ನು ಹಳ್ಳಿಯ ಮಾತೆಂದು ದೂರ ಇಡಬೇಡಿ.

ಸಂಬೋಧನೆ. ನನಗೆ ಅತ್ಯಂತ ಪ್ರಿಯವಾದ ಸಾಧನ. ‘ಅಕ್ಕಾ’, ‘ಸ್ವಾಮಿ’, ‘ಮೇಡಂ’, ‘ಯಜಮಾನರೇ’ ಎಂಬ ಒಂದೇ ಕರೆಯಲ್ಲಿ ಇಬ್ಬರ ವಯಸ್ಸು, ಅಂತಸ್ತು, ಸಲಿಗೆ ತಿಳಿದುಬಿಡುತ್ತದೆ. ಏಕವಚನ ಬಹುವಚನಗಳ ನಡುವಿನ ಜಿಗಿತ ಇನ್ನೂ ಶಕ್ತಿಶಾಲಿ. ಇಬ್ಬರು ಗೆಳೆಯರಲ್ಲಿ ಒಬ್ಬನಿಗೆ ಬಡ್ತಿ ಸಿಕ್ಕಿದೆ ಎಂದುಕೊಳ್ಳಿ. ಶುಕ್ರವಾರದವರೆಗೆ ‘ಬಾರೋ’ ಎನ್ನುತ್ತಿದ್ದವನು ಸೋಮವಾರ ಲಿಫ್ಟಿನ ಬಾಗಿಲು ಹಿಡಿದು ‘ಬನ್ನಿ’ ಎನ್ನುತ್ತಾನೆ. ಸ್ನೇಹ ಮುಗಿದದ್ದನ್ನು ಹೇಳಲು ಬೇರೆ ಒಂದು ಪದವೂ ಬೇಡ. ಇಂಗ್ಲಿಷಿನ ಕಥೆಗಾರರಿಗೆ ಈ ಅನುಕೂಲ ಇಲ್ಲ.

ಕ್ರಿಯಾಪದವಿಲ್ಲದ ವಾಕ್ಯ. ‘ಅಣ್ಣ ಮೇಷ್ಟ್ರು’ ಎಂದರೆ ಪೂರ್ಣ ವಾಕ್ಯ. ಈಗ ಮೇಷ್ಟ್ರೋ, ಹಿಂದೆ ಆಗಿದ್ದರೋ ಎಂಬುದು ಅದರಲ್ಲಿ ಇಲ್ಲ. ಕಾಲವನ್ನು ಮುಚ್ಚಿಡಬೇಕಾದಾಗ ಇದು ಎಷ್ಟು ಉಪಯೋಗಕ್ಕೆ ಬರುತ್ತದೆ ಎಂಬುದನ್ನು ಮುಂದಿನ ಹಂತದಲ್ಲಿ ತೋರಿಸುತ್ತೇನೆ.

ಮಾಡಬಾರದ್ದು: ಜಾಗ ಅಳಿಸಿ ಪದ ಉಳಿಸುವುದು. ‘ನಿಮ್ಮಮ್ಮ’, ‘ಬಾಳೆಲೆ’, ‘ಹೊರಟುಹೋದ’ ಇವು ನಾಲಿಗೆಯ ಮೇಲೆ ಹಾಗೆಯೇ ಕೂಡಿಬರುವ ಪದಗಳು, ಬರೆಯಿರಿ. ‘ಮನೆಗೆಹೋಗಿಬಂದುಮಲಗಿದ’ ಎಂಬುದು ಸಂಧಿಯಲ್ಲ, ಸಂತೆಯ ನೂಕುನುಗ್ಗಲು. ಕೂಡಿಸಬೇಕೋ ಬೇಡವೋ ಎಂಬ ಅನುಮಾನ ಬಂದರೆ ಗಟ್ಟಿಯಾಗಿ ಓದಿ. ಉಸಿರು ನಿಂತಲ್ಲಿ ಜಾಗ ಬಿಡಿ.

## ಹಂತ 6: ಕತ್ತರಿಸಿ, ಒಂದು ಉದಾಹರಣೆಯೊಂದಿಗೆ

ಗಾಂಧಿ ಬಜಾರಿನಲ್ಲಿ ಹೂವು ಕೊಳ್ಳುವಾಗ ಹೊಳೆದದ್ದು. ಮೊಳ ಎಂದರೆ ಮೊಣಕೈಯಿಂದ ನಡುಬೆರಳ ತುದಿಯವರೆಗೆ. ಹೂವಾಡಗಿತ್ತಿ ಬದಲಾದರೆ ಮೊಳವೂ ಬದಲಾಗುತ್ತದೆ. ನನ್ನ ಮೊದಲ ಕರಡು, 77 ಪದ:

*ಗಾಂಧಿ ಬಜಾರಿನಲ್ಲಿ ಇಪ್ಪತ್ತು ವರ್ಷಗಳಿಂದ ಹೂವು ಮಾರುತ್ತಿದ್ದ ರತ್ನಮ್ಮ ಕಳೆದ ತಿಂಗಳು ತೀರಿಕೊಂಡಿದ್ದಳು. ಅವಳ ಮಗಳು ಹದಿನಾರು ವರ್ಷದ ಸುಧಾ ಕಾಲೇಜು ಬಿಟ್ಟು ಈಗ ಅದೇ ಜಾಗದಲ್ಲಿ ಅಮ್ಮನ ಬುಟ್ಟಿಯೊಂದಿಗೆ ಕುಳಿತುಕೊಳ್ಳಲು ಆರಂಭಿಸಿದ್ದಳು. ಒಂದು ದಿನ ಬೆಳಿಗ್ಗೆ ಪ್ರತಿದಿನ ಬರುತ್ತಿದ್ದ ಒಬ್ಬ ಹೆಂಗಸು ಬಂದು ಎರಡು ಮೊಳ ಮಲ್ಲಿಗೆ ಕೇಳಿದಳು. ಸುಧಾ ತನ್ನ ಕೈಯಿಂದ ಅಳೆದು ಕೊಟ್ಟಳು. ಆಗ ಆ ಹೆಂಗಸು “ನಿಮ್ಮ ಅಮ್ಮನ ಮೊಳ ಇದಕ್ಕಿಂತ ಉದ್ದವಾಗಿತ್ತು” ಎಂದು ಬೇಸರದಿಂದ ಹೇಳಿದಳು. ಅದನ್ನು ಕೇಳಿ ಸುಧಾಳಿಗೆ ಬಹಳ ದುಃಖವಾಯಿತು, ಅಮ್ಮನ ನೆನಪಾಗಿ ಕಣ್ಣು ತುಂಬಿ ಬಂತು. ಅವಳು ಏನೂ ಮಾತನಾಡದೆ ನಾಲ್ಕು ಬೆರಳಿನಷ್ಟು ಹೂವನ್ನು ಹೆಚ್ಚಿಗೆ ಸೇರಿಸಿ ಕೊಟ್ಟಳು. ಜೀವನ ಎಷ್ಟು ವಿಚಿತ್ರ ಎಂದು ಅವಳಿಗೆ ಅನಿಸಿತು.*

ಈ ಕಥೆಗೆ ನಾನು ಇಟ್ಟುಕೊಂಡ ಮಿತಿ 50. ಎಲ್ಲಿಂದ 27 ಪದ ತೆಗೆಯುವುದು? ಇಲ್ಲಿಯೂ ಒಂದು ಅನುಕ್ರಮವಿದೆ.

ಮೊದಲು ಹೋಗಬೇಕಾದ್ದು ತೀರ್ಪು: ‘ಜೀವನ ಎಷ್ಟು ವಿಚಿತ್ರ’. ಆಮೇಲೆ ಭಾವನೆಯ ಹೆಸರುಗಳು: ದುಃಖ, ಬೇಸರ, ಕಣ್ಣು ತುಂಬಿದ್ದು. ಆಮೇಲೆ ಪೀಠಿಕೆ: ಇಪ್ಪತ್ತು ವರ್ಷ, ಹದಿನಾರು ವರ್ಷ, ಕಾಲೇಜು, ಸಾವು. ಇಷ್ಟು ತೆಗೆದರೆ ಪದ ಕಡಿಮೆಯಾಗಿ, ಹೊಸದನ್ನು ಸೇರಿಸಲು ಜಾಗವೂ ಸಿಗುತ್ತದೆ. ಹೌದು, ಸೇರಿಸಬೇಕು. ಬರೀ ಕತ್ತರಿಸಿದ ಕಥೆ ಒಣ ಕಡ್ಡಿ. ಬಿಟ್ಟ ಸಂಗತಿಗಳ ಭಾರ ಹೊರುವ ವಸ್ತುವನ್ನೋ ಕೈಚಲನೆಯನ್ನೋ ಒಳಗೆ ತರಬೇಕು. ಕೊನೆಯ ರೂಪ, ಸರಿಯಾಗಿ 50 ಪದ:

*“ಎರಡು ಮೊಳ ಮಲ್ಲಿಗೆ.”*

*ಸುಧಾ ಬುಟ್ಟಿಯ ಮೇಲಿನ ಒದ್ದೆ ಬಟ್ಟೆ ಸರಿಸಿದಳು. ಬೆರಳ ತುದಿಯಿಂದ ಮೊಣಕೈವರೆಗೆ ಒಮ್ಮೆ, ಇನ್ನೊಮ್ಮೆ. ದಾರ ಕತ್ತರಿಸಿ ಬಾಳೆಲೆಯಲ್ಲಿ ಸುತ್ತಿದಳು.*

*ಹೆಂಗಸು ಪೊಟ್ಟಣ ಬಿಚ್ಚಿ ನೋಡಿದಳು. “ನಿಮ್ಮಮ್ಮನ ಮೊಳ ಇಷ್ಟು ಗಿಡ್ಡವಿರಲಿಲ್ಲ.”*

*ಪಕ್ಕದ ಅಂಗಡಿಯಾತ ಏನೋ ಹೇಳಹೊರಟ. ಸುಧಾ ಕಣ್ಣಲ್ಲೇ ತಡೆದಳು.*

*“ಹೌದಕ್ಕಾ,” ಎಂದಳು. “ಅಮ್ಮನ ಕೈ ದೊಡ್ಡದು.”*

*ಹೊಸದಾಗಿ ಸರ ಎಳೆದಳು. ಈ ಬಾರಿ ಹೂವು ಮೊಣಕೈ ದಾಟಿ ನಾಲ್ಕು ಬೆರಳು ಮೇಲಕ್ಕೆ ಹೋಯಿತು.*

ಸಾವಿನ ಸುದ್ದಿ ಎಲ್ಲಿಯೂ ಇಲ್ಲ. ಅಂಗಡಿಯಾತನ ಬಾಯಿ ಅರ್ಧ ತೆರೆದು ಮುಚ್ಚುವುದರಲ್ಲಿ ಅದು ಇದೆ. ‘ಅಮ್ಮನ ಕೈ ದೊಡ್ಡದು’ ಎಂಬಲ್ಲಿ ಕ್ರಿಯಾಪದವಿಲ್ಲ. ಹಾಗಾಗಿ ಕೇಳಿದ ಹೆಂಗಸಿಗೆ ತಾಯಿ ಬದುಕಿದ್ದಾಳೆ, ಹೇಳಿದ ಹುಡುಗಿಗೆ ಇಲ್ಲ. ‘ದೊಡ್ಡ ಕೈ’ ಎಂದರೆ ಧಾರಾಳಿ ಎಂಬ ಅರ್ಥವೂ ಜೊತೆಗೆ ಬಂತು. ಅಲ್ಲಿ ‘ದೊಡ್ಡದಾಗಿತ್ತು’ ಎಂದು ಬರೆದಿದ್ದರೆ ಪದಗಳ ಲೆಕ್ಕ ಅಷ್ಟೇ ಇರುತ್ತಿತ್ತು, ಕಥೆ ಮುರಿದುಬೀಳುತ್ತಿತ್ತು. ಗಾಂಧಿ ಬಜಾರ್ ಎಂಬ ಹೆಸರನ್ನೂ ಬಿಟ್ಟಿದ್ದೇನೆ. ಒದ್ದೆ ಬಟ್ಟೆ, ಬಾಳೆಲೆ, ಮೊಳ ಮೂರೂ ಇದ್ದ ಮೇಲೆ ಹೂವಿನ ಬೀದಿ ಯಾವುದೆಂದು ಓದುಗರು ತಮ್ಮ ಊರಿನದನ್ನೇ ತಂದುಕೊಳ್ಳುತ್ತಾರೆ.

ಕೊನೆಯಲ್ಲಿ ‘ಅಂದಿನಿಂದ ಎಲ್ಲರಿಗೂ ಅಮ್ಮನ ಮೊಳವೇ’ ಎಂಬ ವಾಕ್ಯವೊಂದು ಎರಡು ದಿನ ಇತ್ತು. ಕೇಳಲು ಚೆನ್ನಾಗಿತ್ತು, ನನಗೂ ಇಷ್ಟವಾಗಿತ್ತು. ಆದರೆ ಕೈ ಮಾಡಿ ತೋರಿಸಿದ್ದನ್ನು ಬಾಯಿ ಮತ್ತೆ ಹೇಳುತ್ತಿತ್ತು. ತೆಗೆದೆ.

## ಹಂತ 7: ಮುಕ್ತಾಯವನ್ನು ಪರೀಕ್ಷಿಸಿ

ಕಿರುಗತೆ ಎಂದರೆ ಕೊನೆಯಲ್ಲಿ ಒಂದು ತಿರುವು ಇರಲೇಬೇಕು ಎಂದು ಬಹಳ ಜನ ನಂಬಿದ್ದಾರೆ. ಅದರಿಂದಾಗಿ ಅದೇ ನಾಲ್ಕೈದು ತಿರುವುಗಳು ಸುತ್ತಿ ಸುತ್ತಿ ಬರುತ್ತವೆ. ಎಲ್ಲ ಕನಸಾಗಿತ್ತು. ಮಾತನಾಡುತ್ತಿದ್ದವಳು ಸತ್ತು ಮೂರು ವರ್ಷವಾಗಿತ್ತು. ಆ ಹುಡುಗ ಬೇರಾರೂ ಅಲ್ಲ, ನಾನೇ. ಹೇಳುತ್ತಿದ್ದದ್ದು ನಾಯಿ. ಇವನ್ನು ಬರೆಯಬೇಡಿ. ಓದುಗರಿಂದ ಒಂದು ಮಾಹಿತಿ ಬಚ್ಚಿಟ್ಟು ಕೊನೆಗೆ ಕೊಡುವುದರಲ್ಲಿ ಕಥೆ ಇಲ್ಲ. ಅದು ಒಗಟು, ಬಿಡಿಸಿದ ಮೇಲೆ ಯಾರೂ ಎರಡನೇ ಸಲ ಓದುವುದಿಲ್ಲ.

ಪರೀಕ್ಷೆ ಹೀಗೆ. ಕೊನೆಯ ವಾಕ್ಯವನ್ನು ಮೊದಲೇ ಗೆಳೆಯರಿಗೆ ಹೇಳಿ, ಆಮೇಲೆ ಕಥೆ ಓದಿ. ಆಗಲೂ ಅವರು ಕೇಳಿಸಿಕೊಂಡರೆ ಕಥೆ ಗಟ್ಟಿ ಇದೆ. “ಓ, ಗೊತ್ತಾಯಿತು ಬಿಡಿ” ಎಂದು ಅರ್ಧದಲ್ಲೇ ಮೊಬೈಲ್ ತೆಗೆದರೆ ತಿರುವು ಬಿಟ್ಟರೆ ಒಳಗೆ ಏನೂ ಇಲ್ಲ.

ನೀತಿಮಾತು, ಪ್ರಶ್ನಾರ್ಥಕ ಮುಕ್ತಾಯ, ಮೂರು ಚುಕ್ಕಿ ಇವೂ ಅನುಮಾನದ ಪಟ್ಟಿಯಲ್ಲಿರಲಿ. ಮೂರು ಚುಕ್ಕಿ ಹಾಕಿದ ಕೂಡಲೇ ಮೌನ ಹುಟ್ಟುವುದಿಲ್ಲ.

## ಹಂತ 8: ಶೀರ್ಷಿಕೆಗೆ ಕೆಲಸ ಕೊಡಿ

ಶೀರ್ಷಿಕೆ ಲೆಕ್ಕಕ್ಕೆ ಸೇರದಿದ್ದರೆ ಅದು ಉಚಿತವಾಗಿ ಸಿಕ್ಕ ಜಾಗ. ‘ನೆನಪು’, ‘ಬದುಕು’, ‘ತಾಯಿ’ ಎಂದು ಹೆಸರಿಟ್ಟು ಅದನ್ನು ಹಾಳುಮಾಡಬೇಡಿ. ಕಥೆಯೊಳಗೆ ಹೇಳಲು ಜಾಗ ಸಾಲದ ಒಂದು ಸಂಗತಿಯನ್ನು, ಊರನ್ನೋ ದಿನವನ್ನೋ ಸಂಬಂಧವನ್ನೋ, ಅಲ್ಲಿ ಇಡಿ. ಹೂವಿನ ಕಥೆಗೆ ನಾನು ‘ಹದಿಮೂರನೆಯ ದಿನದ ಮರುದಿನ’ ಎಂದಿಟ್ಟೆ. ವೈಕುಂಠ ಸಮಾರಾಧನೆ ಗೊತ್ತಿದ್ದವರಿಗೆ ಅಷ್ಟು ಸಾಕು. ಗೊತ್ತಿಲ್ಲದವರಿಗೂ ಕಥೆ ನಿಲ್ಲುವುದಿಲ್ಲ.

## ಹಂತ 9: ಗಟ್ಟಿಯಾಗಿ ಓದಿ, ಇನ್ನೊಬ್ಬರಿಂದ ಓದಿಸಿ

ಒಂದು ರಾತ್ರಿ ಕಳೆಯಲಿ. ಬೆಳಿಗ್ಗೆ ಗಟ್ಟಿಯಾಗಿ ಓದಿದರೆ ನಾಲಿಗೆ ತಡವರಿಸುವ ಜಾಗಗಳು ತಾವೇ ಸಿಗುತ್ತವೆ. ಆಮೇಲೆ ಬೇರೆಯವರ ಕೈಗೆ ಕೊಟ್ಟು ಓದಿಸಿ, ನೀವು ಸುಮ್ಮನೆ ಕೇಳಿ. ನೀವು ಓದಿದರೆ ದನಿಯಲ್ಲೇ ಕಥೆಯ ಕುಂದುಗಳನ್ನು ಮುಚ್ಚಿಬಿಡುತ್ತೀರಿ.

ಓದಿದವರನ್ನು “ಹೇಗಿದೆ?” ಎಂದು ಕೇಳಬೇಡಿ. ಚೆನ್ನಾಗಿದೆ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. “ಏನಾಯಿತು ಹೇಳಿ” ಎಂದು ಕೇಳಿ. ಅವರು ನಡೆದದ್ದನ್ನು ಸರಿಯಾಗಿ ಹೇಳಿದರೆ ಕಥೆ ತಲುಪಿದೆ. ಹೇಳಲಾಗದಿದ್ದರೆ ನೀವು ಅತಿಯಾಗಿ ಕತ್ತರಿಸಿದ್ದೀರಿ. ಕಿರುಗತೆ ಬರೆದು ಪಳಗಿದವರ ದೋಷ ಇದು. ಬರೆದವರ ತಲೆಯಲ್ಲಿ ಎಲ್ಲವೂ ಇರುತ್ತದೆ, ಹಾಳೆಯ ಮೇಲೆ ಮಾತ್ರ ಇರುವುದಿಲ್ಲ. ಆಗ ಒಂದು ನಾಮಪದ ವಾಪಸು ತನ್ನಿ, ವಿಶೇಷಣ ಬೇಡ. ಹೂವಿನ ಕಥೆಯಲ್ಲಿ ಅಂಗಡಿಯಾತ ಬಂದದ್ದು ಹೀಗೆ. ಅವನಿಲ್ಲದ ರೂಪವನ್ನು ಓದಿದ ಗೆಳತಿ, ತಾಯಿ ಊರಿಗೆ ಹೋಗಿದ್ದಾಳೆ ಎಂದುಕೊಂಡಿದ್ದಳು.

## ಹಂತ 10: ಕಳುಹಿಸುವ ಮುನ್ನ

ಕಥೆಯನ್ನು ಯೂನಿಕೋಡ್‌ನಲ್ಲೇ ಕಳುಹಿಸಿ. ಹಳೆಯ ಅಕ್ಷರಶೈಲಿಗಳಲ್ಲಿ ಟೈಪ್ ಮಾಡಿದರೆ, ಆ ಅಕ್ಷರಶೈಲಿ ಇಲ್ಲದ ಕಂಪ್ಯೂಟರಿನಲ್ಲಿ ಅದು ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಹಲವು ವರ್ಷಗಳ ಹಿಂದೆ ಒಂದು ಸ್ಪರ್ಧೆಗೆ ಹಾಗೆ ಕಳುಹಿಸಿದ ನನ್ನ ಕಥೆಯನ್ನು ಯಾರೂ ಓದಲಾಗಲಿಲ್ಲ ಎಂದು ಫಲಿತಾಂಶ ಬಂದ ಮೇಲೆ ತಿಳಿಯಿತು. ಹಳೆಯ ಕಡತಗಳಿದ್ದರೆ ಪರಿವರ್ತಕ ಬಳಸಿ, ಬಳಸಿದ ಮೇಲೆ ಒತ್ತಕ್ಷರಗಳನ್ನು, ಅದರಲ್ಲೂ ಅರ್ಕಾವತ್ತನ್ನು, ಒಂದೊಂದಾಗಿ ನೋಡಿ.

ಕೊನೆಯ ಎಣಿಕೆಯನ್ನು ಎರಡು ಕಡೆ ಮಾಡಿ. ಒಮ್ಮೆ ತಂತ್ರಾಂಶದಲ್ಲಿ, ಒಮ್ಮೆ ಪೆನ್ಸಿಲ್ ಹಿಡಿದು ಹತ್ತು ಪದಕ್ಕೊಂದು ಗೀಟು ಹಾಕುತ್ತಾ. ಎರಡೂ ಹೊಂದದಿದ್ದರೆ ಎಲ್ಲೋ ಎರಡು ಪದ ಅಂಟಿಕೊಂಡಿವೆ ಅಥವಾ ಚಿಹ್ನೆಯೊಂದು ಪದವಾಗಿ ನಿಂತಿದೆ.

ತೆಗೆದ ವಾಕ್ಯಗಳನ್ನು ಅಳಿಸಬೇಡಿ. ಟಿಪ್ಪಣಿ ಪುಸ್ತಕದ ಕೊನೆಯ ಹಾಳೆಗಳಿಗೆ ದಿನಾಂಕದೊಂದಿಗೆ ಬರೆದಿಡಿ. ನನ್ನ ಪುಸ್ತಕದಲ್ಲಿ ರತ್ನಮ್ಮನ ಇಪ್ಪತ್ತು ವರ್ಷ, ಸುಧಾ ಬಿಟ್ಟ ಕಾಲೇಜು, ಪಕ್ಕದ ಅಂಗಡಿಯಾತ ಏನು ಹೇಳಲು ಹೊರಟಿದ್ದ ಎಂಬುದು ಎಲ್ಲವೂ ಹಾಗೆಯೇ ಇವೆ. ಆ ಅಂಗಡಿಯಾತನಿಗೆ ಬಹುಶಃ 100 ಪದ ಬೇಕಾಗುತ್ತದೆ.